ಮೇಲ್ಸೇತುವೆಯ ಕೆಳಗೆ ಒಂದು ಹಸಿರು ದಾರಿ: ಕಾಸರಗೋಡಿನಲ್ಲಿ ನಕ್ಷೆಯನ್ನು ಓದುವವರು ಯಾರು?

ಧ್ವನಿ ಸರಿಯಾಗಿ ಕೇಳ್ತಾ ಉಂಟು ಅಂದ್ಕೊಳ್ತೇನೆ. ಗಡಿನಾಡಿನ ಕನ್ನಡ ಅಂದ ಕೂಡಲೇ ನಾವು ಶಾಲೆ, ಪಠ್ಯಪುಸ್ತಕ, ಅಧ್ಯಾಪಕರ ನೇಮಕಾತಿಯ ಬಗ್ಗೆ ಮಾತಾಡುತ್ತೇವೆ. ಅದೆಲ್ಲ ಬೇಕಾದದ್ದೇ. ನಾನು ಇವತ್ತು ರಸ್ತೆಯ ಬಗ್ಗೆ ಹೇಳಬೇಕೆಂದಿದ್ದೇನೆ. ಯಾಕೆಂದರೆ ಇತ್ತೀಚಿನ ವರ್ಷಗಳಲ್ಲಿ ಕಾಸರಗೋಡಿನ ಕನ್ನಡಿಗರ ದಿನನಿತ್ಯದ ಓಡಾಟವನ್ನು ರಾಷ್ಟ್ರೀಯ ಹೆದ್ದಾರಿ 66ರಷ್ಟು ಬದಲಾಯಿಸಿದ್ದು ಬೇರೊಂದಿಲ್ಲ.

ಹಿಂದೆ 17 ಎಂಬ ಸಂಖ್ಯೆಯಿದ್ದ ಹೆದ್ದಾರಿಯೇ ಇದು. ತಲಪಾಡಿಯಲ್ಲಿ ಕರ್ನಾಟಕ ಮುಗಿಯುತ್ತದೆ. ಅಲ್ಲಿಂದ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆ ದಾಟಿ ಚೆಂಗಳದವರೆಗಿನ 39 ಕಿ.ಮೀ. ಒಂದೇ ಹಂತದಲ್ಲಿ ಷಟ್ಪಥವಾಯಿತು. ಬೇರೆ ರಾಜ್ಯಗಳಲ್ಲಿ ಇಂಥ ಹೆದ್ದಾರಿಗೆ ಸಾಮಾನ್ಯವಾಗಿ 60 ಮೀಟರ್ ಅಗಲದ ಜಾಗ ತೆಗೆದುಕೊಂಡರೆ ಕೇರಳದಲ್ಲಿ 45 ಮೀಟರ್. ಅದರೊಳಗೇ ಆರು ಪಥ, ಎರಡೂ ಬದಿ ಸರ್ವಿಸ್ ರಸ್ತೆ, ಚರಂಡಿ. ರಸ್ತೆ ಬದಿಯ ಹಳೆಯ ಮರಗಳು ಎಲ್ಲಿ ಹೋದವು ಅಂತ ಬೇರೆ ಹೇಳಬೇಕಾಗಿಲ್ಲ.

ಪೇಟೆಯೊಳಗೆ ಮಾತ್ರ ಹೆದ್ದಾರಿ ಮೇಲಕ್ಕೆ ಹೋಯಿತು. ಕರಂದಕ್ಕಾಡಿನ ಕಡೆಯಿಂದ ಹೊಸ ಬಸ್ ನಿಲ್ದಾಣ ದಾಟಿ ನುಳ್ಳಿಪ್ಪಾಡಿಯ ಕಡೆಗೆ, ಒಂದು ಕಿಲೋಮೀಟರಿಗೂ ಹೆಚ್ಚು ಉದ್ದ, ಒಂದೇ ಸಾಲಿನ ಕಂಬಗಳ ಮೇಲೆ. ಕಂಬದ ಸಾಲು ಒಂದೇ ಆದ್ದರಿಂದ ಕೆಳಗೆ ಜಾಗ ಉಳಿಯಿತು. ಅಲ್ಲಿ ಒಂದು ಹಸಿರು ದಾರಿ ಮಾಡಬಹುದು ಎಂಬುದು ನನ್ನ ವಾದ. ಹಸಿರು ದಾರಿ ಅಂದರೆ ಕುಂಡಗಳಲ್ಲಿ ಗಿಡ ಇಟ್ಟು ಬೇಲಿ ಹಾಕುವುದಲ್ಲ. ನಡೆಯುವವರು, ಸೈಕಲಿನವರು ಒಂದು ತುದಿಯಿಂದ ಇನ್ನೊಂದು ತುದಿಗೆ ತಡೆಯಿಲ್ಲದೆ ನೆರಳಿನಲ್ಲಿ ಹೋಗುವಂಥದ್ದು.

ಇಂಥ ದಾರಿ ಸಾಯುವುದು ಯಾವಾಗಲೂ ಜಂಕ್ಷನ್‌ನಲ್ಲಿ. ಕಾಗದದ ಮೇಲೆ ಹಸಿರು ಪಟ್ಟಿ ಚಂದವಾಗಿ ಬರುತ್ತದೆ, ಜಂಕ್ಷನ್ ಹತ್ತಿರ ಬಂದಾಗ ನಿಲ್ಲುತ್ತದೆ. ಎಡಕ್ಕೆ ತಿರುಗುವ ವಾಹನಗಳಿಗೆ ಒಂದು ಪಥ ಬೇಕು, ಬಸ್ಸು ಸುಲಭವಾಗಿ ತಿರುಗಲು ಮೂಲೆಯನ್ನು ಅಗಲವಾಗಿ ಕೆತ್ತಬೇಕು. ಮೂಲೆ ಅಗಲವಾದಷ್ಟೂ ವಾಹನ ವೇಗ ಇಳಿಸದೆ ತಿರುಗುತ್ತದೆ, ದಾಟುವವನ ದೂರವೂ ಹೆಚ್ಚುತ್ತದೆ. ಜಂಕ್ಷನ್ ಸುಧಾರಣೆಯ ಲೆಕ್ಕದಲ್ಲಿ ವಾಹನ ಎಷ್ಟು ಸೆಕೆಂಡು ಕಾಯುತ್ತದೆ ಅಂತ ನೋಡ್ತಾರೆ. ಕೊಡೆ ಹಿಡಿದು ನಿಂತವಳ ಸೆಕೆಂಡು ಆ ಲೆಕ್ಕದಲ್ಲಿ ಬರುವುದಿಲ್ಲ. ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ: ಮೂಲೆಯನ್ನು ಚಿಕ್ಕದು ಮಾಡಬೇಕು, ದಾಟುವ ಜಾಗವನ್ನು ಕಾಲುದಾರಿಯ ಮಟ್ಟಕ್ಕೇ ಎತ್ತರಿಸಬೇಕು, ಮಧ್ಯದಲ್ಲಿ ನಿಲ್ಲಲು ಕಟ್ಟೆ ಬೇಕು. ಕಾಲುದಾರಿಯಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಇದನ್ನೆಲ್ಲ ಜಂಕ್ಷನ್‌ನ ನಕ್ಷೆಯ ಜೊತೆಗೇ ಬರೆಯಬೇಕು. ಜಂಕ್ಷನ್ ಮೊದಲು, ಹಸಿರು ಆಮೇಲೆ ಅಂತ ಹೊರಟರೆ ಕೊನೆಗೆ ಸಿಗುವುದು ತ್ರಿಕೋನಾಕಾರದ ಹುಲ್ಲಿನ ತುಂಡು, ಅಷ್ಟೆ.

ಇನ್ನು ನೀರು. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಅಂದರೆ ಸೇತುವೆಯ ಪ್ರತಿ ಚದರ ಮೀಟರಿನ ಮೇಲೆ 3500 ಲೀಟರ್ ಬೀಳುತ್ತದೆ, ಅದರ ಕೆಳಗಿನ ಮಣ್ಣು ಮಾತ್ರ ಆಷಾಢದಲ್ಲೂ ಒಣಗಿರುತ್ತದೆ! ಮೇಲಿನ ನೀರನ್ನು ಕೊಳವೆಯಲ್ಲಿ ಇಳಿಸಿ ಗಿಡದ ಪಾತಿಗೆ ಬಿಡಬೇಕು, ಉಳಿದದ್ದು ತೋಡಿಗೆ. ನೀರಿನ ದಾರಿ ಮರೆತರೆ ಏನಾಗುತ್ತದೆಂದು ನಮಗೆ ಗೊತ್ತುಂಟು. ಇದೇ ಹೆದ್ದಾರಿ 2025ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಗದ್ದೆ ಬಯಲಿನ ಮೇಲೆ ಕುಸಿಯಿತು. ಮರದ ಬಗ್ಗೆ ಇಷ್ಟೇ: ಗೋಳಿ, ಹಲಸು, ಮಾವು ಸೇತುವೆಯ ಅಡಿಯಲ್ಲಿ ಬರುವುದಿಲ್ಲ, ಸರ್ವಿಸ್ ರಸ್ತೆಯ ಹೊರ ಅಂಚಿನಲ್ಲಿ ನೆಡಬೇಕು. ಹೆದ್ದಾರಿ ಯೋಜನೆಯ ವೆಚ್ಚದ ಶೇ. 1ನ್ನು ಗಿಡ ನೆಡಲು, ಸಾಕಲು ಇಡಬೇಕೆಂದು ಕೇಂದ್ರದ 2015ರ ಹಸಿರು ಹೆದ್ದಾರಿ ನೀತಿ ಹೇಳುತ್ತದೆ.

ಈಗ ಭಾಷೆಗೆ ಬರ್ತೇನೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂತೆ ಭೂಸ್ವಾಧೀನದ ಅಧಿಸೂಚನೆಯ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಒಂದು ದೇಶಭಾಷೆಯದ್ದಾಗಿರಬೇಕು. ಅಧಿಸೂಚನೆ ಪ್ರಕಟವಾದಲ್ಲಿಂದ ಆಕ್ಷೇಪಣೆಗೆ 21 ದಿನ. ಯಾವ ದೇಶಭಾಷೆ ಅಂತ ಕಾಯ್ದೆ ಹೇಳುವುದಿಲ್ಲ. ಎರಡು ದೇಶಭಾಷೆಗಳಿರುವ ಊರಿನಲ್ಲಿ ಈ ಮೌನ ದೊಡ್ಡದು. ಜಾಗ ಕಳೆದುಕೊಳ್ಳುವವರು ಹೇಗಾದರೂ ವಕೀಲರ ಹತ್ತಿರ ಓದಿಸಿಕೊಳ್ಳುತ್ತಾರೆ ಅನ್ನಿ. ರಸ್ತೆ ದಾಟುವವರಿಗೆ ಸರ್ವೆ ನಂಬರ್ ಇಲ್ಲ, ನೋಟೀಸೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಹಿರಿಯರಿಗೆ ಮಲಯಾಳ ಮಾತು ಬರುತ್ತದೆ, ಲಿಪಿ ಬರುವುದಿಲ್ಲ.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ. ನಾನು ಒಂದು ಕಚೇರಿಗೆ ದಾಟುವ ಜಾಗದ ಬಗ್ಗೆ ಕನ್ನಡದಲ್ಲಿ ಅರ್ಜಿ ಕೊಟ್ಟಿದ್ದೆ. ಉತ್ತರ ಬಂತು, ಮಲಯಾಳದಲ್ಲಿ. ಓದಿಸಿಕೊಂಡು ಬರುವಷ್ಟರಲ್ಲಿ ಕಾಂಕ್ರೀಟ್ ಬಿದ್ದಾಗಿತ್ತು.

ಆದ್ದರಿಂದ ನಾವು ನಾಮಫಲಕಕ್ಕಿಂತ ಮೊದಲು ಕರಡು ನಕ್ಷೆಯನ್ನು ಕನ್ನಡದಲ್ಲಿ ಕೇಳಬೇಕು. ಫಲಕ ಆಮೇಲೂ ಬದಲಾಯಿಸಬಹುದು, ಕೆತ್ತಿದ ಮೂಲೆಯನ್ನು ಬದಲಾಯಿಸುವುದು ಕಷ್ಟ. ನಕ್ಷೆಯಲ್ಲಿ ಜನ ಕರೆಯುವ ಹೆಸರುಗಳೇ ಇರಬೇಕು, ಅದನ್ನು ಆ ಜಂಕ್ಷನ್‌ನಲ್ಲೇ ಬಿಡಿಸಿ ತೋರಿಸಬೇಕು. ನನ್ನ ತಾಯಿಗೆ ಒಮ್ಮೆ ಮನೆಯಲ್ಲಿ ಇಂಥ ನಕ್ಷೆ ವಿವರಿಸಿದ್ದೆ. ಪಥ, ಇಳಿಜಾರು, ಸರ್ವಿಸ್ ರಸ್ತೆ ಎಲ್ಲ ಕೇಳಿಸಿಕೊಂಡು, "ಅದೆಲ್ಲ ಸರಿ, ನಾನು ದಾಟುವುದು ಎಲ್ಲಿ?" ಅಂದರು. ನಕ್ಷೆಯಲ್ಲಿ ಹುಡುಕಿದೆ, ಇರಲಿಲ್ಲ.

ರಸ್ತೆ ನಕ್ಷೆಯ ಪದಗಳಿಗೆ ಊರಿನ ಕನ್ನಡದಲ್ಲಿ ಒಂದು ಪಟ್ಟಿ ಮಾಡಿಟ್ಟಿದ್ದೇನೆ. ಹೊಸೂರು, ಸೊಲ್ಲಾಪುರದ ಸ್ನೇಹಿತರು ನಿಮ್ಮಲ್ಲಿ ಬಳಸುವ ಪದ ಸೇರಿಸಿದರೆ ಉಪಕಾರ. ಪ್ರಶ್ನೆಗಳಿದ್ದರೆ ಕೇಳಿ.