ಚಿಕ್ಕ ನಕ್ಷತ್ರದ ಮನೆಯಲ್ಲಿ ದೊಡ್ಡ ಗ್ರಹ

ಇರುಳಿನಲ್ಲಿ ತಾವು ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿದರೆ ಸಾವಿರಾರು ನಕ್ಷತ್ರಗಳು ಕಾಣುತ್ತವೆಯಷ್ಟೆ. ಅವುಗಳಲ್ಲಿ ಕೆಂಪು ಕುಬ್ಜವೆಂಬ ಜಾತಿಯದು ಒಂದೂ ಇಲ್ಲ. ಕೆಂಪಗೆ ಹೊಳೆಯುವ ಜ್ಯೇಷ್ಠಾ, ಆರ್ದ್ರಾ ನಕ್ಷತ್ರಗಳನ್ನು ತೋರಿಸಿ ತಾವು ಆಕ್ಷೇಪಿಸಬಹುದು. ಆದರೆ ಅವು ಮಹಾದೈತ್ಯರು, ಅವುಗಳ ಕಥೆ ಬೇರೆ. ನಮ್ಮ ಆಕಾಶಗಂಗೆಯ ನಕ್ಷತ್ರಗಳಲ್ಲಿ ಸುಮಾರು ಮುಕ್ಕಾಲು ಪಾಲು ಈ ಕುಬ್ಜರೇ. ಆದರೂ ಅವುಗಳ ಬೆಳಕು ಎಷ್ಟು ಮಂದವೆಂದರೆ, ಸೂರ್ಯನನ್ನು ಬಿಟ್ಟರೆ ನಮಗೆ ಎಲ್ಲಕ್ಕಿಂತ ಸಮೀಪದ ಪ್ರಾಕ್ಸಿಮಾ ಕೂಡ ಬರಿಗಣ್ಣಿಗೆ ಕಾಣದು.

ಇಂಥ ಬಡ ನಕ್ಷತ್ರಕ್ಕೆ ಗುರುವಿನಂಥ ಭಾರಿ ಗ್ರಹ ಇರಲಾರದೆಂದು ಬಹುಮಂದಿ ಪಂಡಿತರು ಎಣಿಸಿದ್ದರು. ಕಾರಣವಿಷ್ಟೆ: ಎಳೆಯ ನಕ್ಷತ್ರದ ಸುತ್ತ ಅನಿಲ ಮತ್ತು ಧೂಳಿನ ತಟ್ಟೆಯೊಂದು ತಿರುಗುತ್ತಿರುತ್ತದೆ. ಅದರ ಕಲ್ಲು, ಹಿಮ ಒಂದುಗೂಡಿ ಭೂಮಿಯ ಸುಮಾರು ಹತ್ತು ಪಟ್ಟು ತೂಕದ ತಿರುಳಾದರೆ, ಅದು ಸುತ್ತಲಿನ ಅನಿಲವನ್ನು ಎಳೆದುಕೊಂಡು ದೈತ್ಯವಾಗುತ್ತದೆ. ಕೆಲವು ದಶಲಕ್ಷ ವರ್ಷಗಳಲ್ಲಿ ಅನಿಲವೆಲ್ಲ ಚದರಿಹೋಗುವುದರಿಂದ ಕೆಲಸ ಬೇಗ ಮುಗಿಯಬೇಕು. ಚಿಕ್ಕ ನಕ್ಷತ್ರದ ತಟ್ಟೆಯಲ್ಲಿ ಸಾಮಗ್ರಿಯೂ ಕಡಮೆ, ಕೂಡುವ ವೇಗವೂ ಕಡಮೆ. ಹಿಟ್ಟು ಸಾಲದೆ ರೊಟ್ಟಿ ಎಲ್ಲಿಂದ?

ಆದರೆ ರೊಟ್ಟಿ ಸಿಕ್ಕಿತು! 2018ರಲ್ಲಿ ಹಾರಿಸಿದ ಟೆಸ್ ಎಂಬ ಅಮೆರಿಕದ ದೂರದರ್ಶಕವು ನಕ್ಷತ್ರಗಳ ಬೆಳಕು ಕ್ರಮವಾಗಿ ಮಂಕಾಗುವುದನ್ನು ಕಾಯುತ್ತದೆ. ಗ್ರಹ ಮುಂದೆ ಹಾಯುವಾಗ ಬೆಳಕು ತಗ್ಗುತ್ತದೆ. ಹತ್ತು ಅಂಗುಲದ ಊಟದ ತಟ್ಟೆಯ ಮೇಲೆ ಒಂದಂಗುಲದ ನಾಣ್ಯವನ್ನಿಡಿ: ಸೂರ್ಯನ ಮುಂದೆ ಗುರು ಬಂದಂತೆ, ಮುಚ್ಚುವುದು ನೂರಕ್ಕೆ ಒಂದು ಪಾಲು. ಅದೇ ನಾಣ್ಯವನ್ನು ನಾಲ್ಕಂಗುಲಕ್ಕೂ ಕಿರಿದಾದ ಬಸಿಯ ಮೇಲಿಡಿ: ನೂರಕ್ಕೆ ಏಳು ಪಾಲು ಮುಚ್ಚೀತು. ಟಿ.ಒ.ಐ. 5205 ಎಂಬ ನಕ್ಷತ್ರದಲ್ಲಿ ಕಂಡದ್ದು ಇದೇ.

ಅಷ್ಟಕ್ಕೇ ಗ್ರಹವೆಂದು ಸಾರುವಂತಿಲ್ಲ. ಗುರುವಿನಷ್ಟೇ ಗಾತ್ರದ, ಆದರೆ ಹಲವು ಪಟ್ಟು ಭಾರವಾದ ಕಂದು ಕುಬ್ಜಗಳೂ ಉಂಟು. ಆದ್ದರಿಂದ ತೂಗಬೇಕು. ತಕ್ಕಡಿ ಯಾವುದು? ಗ್ರಹ ಸುತ್ತುವಾಗ ನಕ್ಷತ್ರವೂ ಅತ್ತಿತ್ತ ಜಗ್ಗುತ್ತದೆ. ರೈಲು ಬಳಿಸಾರುವಾಗ ಸಿಳ್ಳು ತೀಕ್ಷ್ಣವಾಗಿ, ದೂರ ಸರಿಯುವಾಗ ತಗ್ಗಿ ಕೇಳುವಂತೆ ಅದರ ಬೆಳಕಿನ ಅಲೆಗಳೂ ಬದಲಾಗುತ್ತವೆ. ತಂಪು ನಕ್ಷತ್ರದ ಬೆಳಕು ಬಹುಪಾಲು ಕಣ್ಣಿಗೆ ಕಾಣದ ಅವಗೆಂಪು ಅಲೆಗಳಲ್ಲಿದೆ. ಮೀಡಿಯಂ ವೇವಿನಲ್ಲಿ ಎಷ್ಟು ತಿರುಗಿಸಿದರೂ ಶಾರ್ಟ್‌ವೇವಿನ ನಿಲಯ ಸಿಕ್ಕದೆಂಬುದು ತಮಗೆ ತಿಳಿದದ್ದೇ. ಟೆಕ್ಸಾಸಿನ ಹಾಬಿ-ಎಬರ್ಲಿ ದೂರದರ್ಶಕಕ್ಕೆ ಆ ಅಲೆಗಳಿಗೆಂದೇ ಒಂದು ಉಪಕರಣವನ್ನು ಜೋಡಿಸಿದ್ದಾರೆ. ಅದರ ನೆರವಿನಿಂದ ಶುಭಂ ಕನೋಡಿಯಾ ಮತ್ತು ಸಂಗಡಿಗರು ಈ ಗ್ರಹವನ್ನು ತೂಗಿ 2023ರಲ್ಲಿ ಪ್ರಕಟಿಸಿದರು: ತೂಕ ಗುರುವಿಗಿಂತ ತುಸು ಹೆಚ್ಚು. ನಕ್ಷತ್ರದ ತೂಕವೋ, ಸೂರ್ಯನ ಹತ್ತರಲ್ಲಿ ನಾಲ್ಕು ಪಾಲು. ಗ್ರಹ ಅದರಿಂದ ಸುಮಾರು ಮೂವತ್ತು ಲಕ್ಷ ಕಿಲೋಮೀಟರು ದೂರದಲ್ಲಿದ್ದು, 39 ಗಂಟೆಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಅಲ್ಲಿಯ ವರ್ಷವೆಂದರೆ ನಮ್ಮ ಎರಡು ದಿನವೂ ಇಲ್ಲ!

ಎಲ್ಲಿಯೋ ತಣ್ಣನೆಯ ದೂರದಲ್ಲಿ ಹುಟ್ಟಿ ಒಳಕ್ಕೆ ಸರಿದು ಬಂದಿತೆನ್ನೋಣ. ಸಾಮಗ್ರಿಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ನಾವು ಅಳೆದಿರುವ ಧೂಳಿನ ತಟ್ಟೆಗಳು ಈಗಾಗಲೇ ಗ್ರಹಗಳಿಗೆ ಪಾಲು ಕೊಟ್ಟು ಉಳಿದವು ಇರಬಹುದು ಎಂಬುದೊಂದು ವಾದ. ತಿರುಳಿಗೆ ಕಾಯದೆ ಅನಿಲವೇ ತನ್ನ ಭಾರಕ್ಕೆ ಕುಸಿದು ಗ್ರಹವಾಗಬಹುದೆಂಬುದು ಇನ್ನೊಂದು. ನನಗೆ ಮೊದಲನೆಯದೇ ಹೆಚ್ಚು ಒಪ್ಪಿಗೆಯೆನಿಸಿದರೂ, 2025ರಲ್ಲಿ ಪ್ರಕಟವಾದ ಟಿ.ಒ.ಐ. 6894ರ ಸುದ್ದಿ ಆ ನಂಬಿಕೆಯನ್ನು ಅಲುಗಿಸಿತು. ಸಿಂಹರಾಶಿಯಲ್ಲಿರುವ ಆ ನಕ್ಷತ್ರ ಸೂರ್ಯನ ತೂಕದ ಐದನೆಯ ಒಂದು ಪಾಲು ಮಾತ್ರ. ಅದರ ಗ್ರಹವೋ, ಗಾತ್ರದಲ್ಲಿ ಶನಿಗಿಂತ ಒಂದಿಷ್ಟು ದೊಡ್ಡದು, ತೂಕದಲ್ಲಿ ಶನಿಯ ಅರ್ಧಕ್ಕೆ ಸ್ವಲ್ಪ ಮೇಲೆ. ಮೂರೂಕಾಲು ದಿನಕ್ಕೆ ಸ್ವಲ್ಪ ಮೇಲಾಗುತ್ತಲೇ ಮತ್ತೆ ನಕ್ಷತ್ರದ ಮುಂದೆ ಬಂದು, ಅದರ ಬೆಳಕಿನ ಆರನೆಯ ಒಂದು ಪಾಲನ್ನು ನುಂಗುತ್ತದೆ.