ನಾಲ್ಕನೆಯ ಪಂದ್ಯದ ರೆಫರಿ

ಬೆಂಗಳೂರಿನಲ್ಲಿ ಮಕ್ಕಳ ಫುಟ್‌ಬಾಲ್ ಈಗ ವಾರಾಂತ್ಯದ ದೊಡ್ಡ ವಹಿವಾಟು. ಒಂದು ಕಾಲಕ್ಕೆ ಈ ಆಟ ಆಸ್ಟಿನ್ ಟೌನ್, ಗೌತಮಪುರದಂಥ ದಂಡು ಪ್ರದೇಶದ ಬಡಾವಣೆಗಳ ಆಸ್ತಿಯಾಗಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ಹೆಸರಿನಲ್ಲಿ ಕೊನೆಯ ಬಾರಿ ಗೆದ್ದ 54 ವರ್ಷಗಳ ನಂತರ, 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮತ್ತೆ ಗೆದ್ದಿತು. ಇಂದು ಆಟ ನಗರದ ಹೊರವಲಯಕ್ಕೆ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕೃತಕ ಹುಲ್ಲಿನ ಅಂಗಳಗಳಿಗೆ ಹಬ್ಬಿದೆ. ಹತ್ತು ವರ್ಷದೊಳಗಿನವರು, ಹದಿಮೂರರೊಳಗಿನವರು, ಹದಿನೈದರೊಳಗಿನವರು ಎಂದು ವಿಭಾಗಗಳಾಗಿ ಬೆಳಗಿನಿಂದ ಸಂಜೆಯವರೆಗೆ ಪಂದ್ಯಗಳು ಸಾಗುತ್ತವೆ. ಮಕ್ಕಳ ತಂಡಗಳು ಬರುತ್ತವೆ, ಹೋಗುತ್ತವೆ. ಮೈದಾನದಿಂದ ಕದಲದೆ ಉಳಿಯುವವನು ಒಬ್ಬನೇ: ಸೀಟಿ ಹಿಡಿದ ರೆಫರಿ.

ಒಂದರ ಹಿಂದೊಂದರಂತೆ ನಾಲ್ಕು, ಐದು, ಕೆಲವೊಮ್ಮೆ ಆರು ಪಂದ್ಯಗಳನ್ನು ಒಬ್ಬನೇ ನಡೆಸುವುದು ಈ ಟೂರ್ನಿಗಳ ಪರಿಪಾಠವಾಗಿದೆ. ಇದು ನಗರದ ಹೊಸ ರೋಗವೇನೂ ಅಲ್ಲ. ಹೋಬಳಿ ಮತ್ತು ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳನ್ನು ಬಲ್ಲವರಿಗೆ ದೈಹಿಕ ಶಿಕ್ಷಣ ಶಿಕ್ಷಕರ ಪಾಡು ಗೊತ್ತು. ಬೆಳಿಗ್ಗೆ ಸುಣ್ಣದ ಗೆರೆ ಎಳೆಸಿದ ಮೇಷ್ಟ್ರೇ ಮಧ್ಯಾಹ್ನ ಖೋ ಖೋ ಪಂದ್ಯಕ್ಕೆ, ಸಂಜೆ ಫುಟ್‌ಬಾಲ್ ಫೈನಲ್‌ಗೆ ನಿರ್ಣಾಯಕರು. ಸೋತ ಶಾಲೆಯವರಿಗೆ ಸಮಾಧಾನ ಹೇಳಬೇಕಾದವರೂ ಅವರೇ. ಸೇವೆಯಲ್ಲಿದ್ದಾಗ ಇಂಥ ಕೂಟಗಳ ಬಹುಮಾನ ವಿತರಣೆಗೆ ಹೋಗುತ್ತಿದ್ದ ನನಗೆ, ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವವರ ಸಂಖ್ಯೆ ಮೈದಾನದ ನಿರ್ಣಾಯಕರ ಸಂಖ್ಯೆಗಿಂತ ಯಾವಾಗಲೂ ಹೆಚ್ಚಾಗಿ ಕಾಣುತ್ತಿತ್ತು.

ಆಟದ ಲಿಖಿತ ನಿಯಮಗಳು ಮಕ್ಕಳ ವಿಷಯದಲ್ಲಿ ಉದಾರವಾಗಿವೆ. ಪಂದ್ಯದ ಅವಧಿ, ಮೈದಾನದ ಅಳತೆ, ಚೆಂಡಿನ ಗಾತ್ರ, ಎಲ್ಲವನ್ನೂ ಅವರಿಗಾಗಿ ಕಡಿಮೆ ಮಾಡಬಹುದು. ಒಮ್ಮೆ ಹೊರಗೆ ಬಂದ ಹುಡುಗ ವಿಶ್ರಾಂತಿ ಪಡೆದು ಮತ್ತೆ ಒಳಗೆ ಹೋಗಬಹುದು. ವೃತ್ತಿಪರ ಪಂದ್ಯಗಳಲ್ಲಿ ಈ ಸೌಲಭ್ಯವಿಲ್ಲ. ಮಕ್ಕಳು ದಣಿಯುತ್ತಾರೆ, ದಣಿದ ಮಗು ಪೆಟ್ಟು ಮಾಡಿಕೊಳ್ಳುತ್ತದೆ ಎಂಬ ತಿಳಿವಳಿಕೆ ಈ ನಿಯಮಗಳ ಹಿಂದಿದೆ. ಆದರೆ ಅದೇ ಬಿಸಿಲಿನಲ್ಲಿ, ಅದೇ ಅಂಗಳದಲ್ಲಿ ಬದಲಿಯೇ ಇಲ್ಲದೆ ಓಡುವವನ ದಣಿವನ್ನು ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ. ವೃತ್ತಿಪರ ಪಂದ್ಯವೊಂದರಲ್ಲಿ ರೆಫರಿ ಸುಮಾರು ಹತ್ತು ಕಿಲೋಮೀಟರ್ ಓಡುತ್ತಾನೆ. ಚಿಕ್ಕ ಮೈದಾನ, ಚಿಕ್ಕ ಅವಧಿ ಎಂದು ಅದರ ಮೂರನೆಯ ಒಂದು ಭಾಗವನ್ನಷ್ಟೇ ಹಿಡಿದರೂ, ಐದು ಪಂದ್ಯಗಳಿಗೆ ಹದಿನಾರು ಕಿಲೋಮೀಟರ್ ದಾಟುತ್ತದೆ. ಕೃತಕ ಹುಲ್ಲು ಬಿಸಿಲಿಗೆ ನೈಸರ್ಗಿಕ ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆ ಎಂಬುದು ಬೇರೆ ಮಾತು.

ದಣಿವು ಮೊದಲು ಕಾಣಿಸುವುದು ರೆಫರಿ ನಿಂತ ಜಾಗದಲ್ಲಿ. ಮೈದಾನದ ಒಂದು ಮೂಲೆಯ ಕಡೆಯಿಂದ ಎದುರು ಮೂಲೆಯ ಕಡೆಗೆ, ಕರ್ಣರೇಖೆಯ ಗುಂಟ ಓಡಾಡುತ್ತ ಚೆಂಡಿಗೆ ಹತ್ತಿರವಿರಬೇಕೆಂದು ಅವನಿಗೆ ಕಲಿಸಿರುತ್ತಾರೆ. ಮೊದಲ ಪಂದ್ಯದಲ್ಲಿ ಅವನು ಹಾಗೆಯೇ ಓಡುತ್ತಾನೆ. ನಾಲ್ಕನೆಯ ಪಂದ್ಯದ ಹೊತ್ತಿಗೆ ಮಧ್ಯವೃತ್ತದ ಆಸುಪಾಸಿನಲ್ಲೇ ಉಳಿದು, ದೂರದಿಂದ ತೀರ್ಪು ಕೊಡತೊಡಗುತ್ತಾನೆ. ಮಕ್ಕಳ ಪಂದ್ಯಗಳಲ್ಲಿ ತರಬೇತಾದ ಸಹಾಯಕ ರೆಫರಿಗಳಿರುವುದು ಅಪರೂಪ. ಬಾವುಟ ಹಿಡಿಯುವವರು ಯಾರೋ ತಂದೆ, ಯಾರೋ ಬದಲಿ ಆಟಗಾರ. ಚೆಂಡು ಗೆರೆ ದಾಟಿತೇ ಎಂಬುದನ್ನು ಅವರು ಹೇಳಬಲ್ಲರು, ಆಫ್‌ಸೈಡ್ ಬಗ್ಗೆ ಅವರ ಮಾತನ್ನು ನೆಚ್ಚುವಂತಿಲ್ಲ. ಆಗ ರಕ್ಷಣಾ ಆಟಗಾರರು ಒಟ್ಟಾಗಿ ಕೈ ಎತ್ತಿದರೆ ಸೀಟಿ ಮೊಳಗುತ್ತದೆ, ಎತ್ತದಿದ್ದರೆ ಇಲ್ಲ. ಮಕ್ಕಳು ಇದನ್ನು ಬೇಗ ಗ್ರಹಿಸುತ್ತಾರೆ. ಹನ್ನೆರಡು ವರ್ಷದ ಹುಡುಗ ಕೂಗಾಡಿ ತೀರ್ಪು ಪಡೆಯುವ ವಿದ್ಯೆಯನ್ನು ಕಲಿಯುವುದು ಟಿ.ವಿ. ನೋಡಿ ಮಾತ್ರವಲ್ಲ.

ತೀರ್ಪು ಕೊಡುವವನ ದಣಿವು ಕಂದಾಯ ನ್ಯಾಯಾಲಯಗಳಲ್ಲಿ ಕೂತವರಿಗೆ ಹೊಸ ವಿಷಯವಲ್ಲ. ಗಟ್ಟಿ ದಾಖಲೆಯಿದ್ದ ಪ್ರಕರಣವನ್ನು ಬೆಳಿಗ್ಗೆಯೇ ಕೂಗಿಸಿಕೊಳ್ಳಲು, ಸಡಿಲವಾದದ್ದನ್ನು ಸಂಜೆಯವರೆಗೆ ತಳ್ಳಲು ನುರಿತ ವಕೀಲರು ಮಾಡುತ್ತಿದ್ದ ಉಪಾಯಗಳು ನನಗೆ ಚೆನ್ನಾಗಿ ನೆನಪಿವೆ. ಇಸ್ರೇಲಿನ ಪೆರೋಲ್ ಮಂಡಳಿಗಳ ಸಾವಿರಕ್ಕೂ ಮಿಕ್ಕ ತೀರ್ಮಾನಗಳನ್ನು ಪರಿಶೀಲಿಸಿದ 2011ರ ಅಧ್ಯಯನವೊಂದು, ವಿರಾಮದ ನಂತರ ಕೈದಿಗಳ ಪರವಾದ ತೀರ್ಮಾನಗಳು ಸುಮಾರು ಶೇ 65ರಷ್ಟಿದ್ದು, ಮುಂದಿನ ವಿರಾಮ ಸಮೀಪಿಸುವಷ್ಟರಲ್ಲಿ ಶೂನ್ಯದ ಹತ್ತಿರಕ್ಕೆ ಇಳಿಯುತ್ತವೆ ಎಂದಿತು. ಪ್ರಕರಣಗಳನ್ನು ಕರೆಯುವ ಸರದಿಯೇ ಇದಕ್ಕೆ ಕಾರಣವಿರಬಹುದೆಂದು ಬೇರೆ ವಿದ್ವಾಂಸರು ಅದನ್ನು ಪ್ರಶ್ನಿಸಿದ್ದಾರೆ. ಕುರ್ಚಿಯಲ್ಲಿ ಕೂತು ತೀರ್ಪು ಕೊಡುವವರ ಬಗ್ಗೆ ಇಷ್ಟು ವಾದ ನಡೆದಿದೆ. ಓಡುತ್ತ ತೀರ್ಪು ಕೊಡುವವನ ಬಗ್ಗೆ ಹೆಚ್ಚು ವಾದ ಬೇಕಿಲ್ಲವೆಂದು ನನ್ನ ಭಾವನೆ.

ದೊಡ್ಡವರ ಆಟದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳುತ್ತಾರೆ. 2023ರ ಸೆಪ್ಟೆಂಬರ್ ಕೊನೆಯಲ್ಲಿ ಟಾಟೆನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್ ಗಳಿಸಿದ ನ್ಯಾಯವಾದ ಗೋಲೊಂದು ವಿಎಆರ್ ಕೊಠಡಿಯ ಗೊಂದಲದಿಂದ ರದ್ದಾಯಿತು. ಆ ಕೊಠಡಿಯಲ್ಲಿದ್ದ ಇಬ್ಬರು ಎರಡೇ ದಿನ ಹಿಂದೆ ಯು.ಎ.ಇ.ಯಲ್ಲಿ ಪಂದ್ಯವೊಂದನ್ನು ನಿರ್ವಹಿಸಿ ಬಂದಿದ್ದರೆಂದು ಇಂಗ್ಲೆಂಡಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅಲ್ಲಿ ಎರಡು ದಿನಗಳ ಅಂತರ ಸಾಲದೆಂಬ ಆಕ್ಷೇಪ. ನಮ್ಮ ಮಕ್ಕಳ ರೆಫರಿಗೆ ಸಿಗುವ ಅಂತರ ಒಂದು ಬಾಟಲಿ ನೀರು ಕುಡಿಯುವಷ್ಟು.

ಇದು ಗೋಲು, ಆಫ್‌ಸೈಡ್‌ಗಳಷ್ಟಕ್ಕೇ ಸೀಮಿತವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ನನ್ನ ಮೊಮ್ಮಗನ ತಂಡ ಹದಿಮೂರರೊಳಗಿನವರ ಒಂದು ದಿನದ ಟೂರ್ನಿಯಲ್ಲಿ ಆಡಿತ್ತು. ಮಧ್ಯಾಹ್ನದ ಪಂದ್ಯವೊಂದರಲ್ಲಿ ಚೆಂಡಿಗೆ ತಲೆ ಕೊಡಲು ಜಿಗಿದ ಇಬ್ಬರು ಹುಡುಗರ ತಲೆಗಳು ಡಿಕ್ಕಿಯಾದವು. ಚೆಂಡು ಮುಂದಕ್ಕೆ ಹೋಯಿತು, ರೆಫರಿಯ ಕಣ್ಣೂ ಅದರೊಂದಿಗೆ ಹೋಯಿತು. ಒಬ್ಬ ಹುಡುಗ ಬಿದ್ದಲ್ಲಿಯೇ ಇದ್ದ. ಕೋಚ್‌ಗಳೂ ತಾಯಂದಿರೂ ಕೂಗಿಕೊಂಡ ಮೇಲೆ ಸೀಟಿ ಮೊಳಗುವಷ್ಟರಲ್ಲಿ ಆಟ ಎದುರಿನ ಗೋಲನ್ನು ಮುಟ್ಟಿ ಹಿಂದಿರುಗಿತ್ತು. ಹುಡುಗನ ಹುಬ್ಬಿಗೆ ಹೊಲಿಗೆ ಬಿತ್ತು, ಪುಣ್ಯಕ್ಕೆ ಅಷ್ಟೇ. ಅವನ ತಂದೆ ಮೈದಾನಕ್ಕೆ ನುಗ್ಗಿ ರೆಫರಿಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಪಂದ್ಯ ಮುಗಿದ ಮೇಲೆ ನೆರಳಲ್ಲಿ ಕೂತಿದ್ದ ಆ ರೆಫರಿಯನ್ನು ಮಾತನಾಡಿಸಿದೆ. ಪದವಿ ಕಾಲೇಜಿನ ಹುಡುಗ. "ಬೆಳಿಗ್ಗೆ ಏಳೂವರೆಗೆ ಶುರು ಮಾಡಿದ್ದು ಸರ್, ಇದು ಐದನೆಯದು. ಇನ್ನೊಂದಿದೆ," ಎಂದ. ಬೇಡವೆನ್ನಬಹುದಿತ್ತಲ್ಲಪ್ಪಾ ಎಂದಾಗ ನಕ್ಕ. "ಪಂದ್ಯಕ್ಕಿಷ್ಟು ಅಂತ ಕೊಡ್ತಾರೆ ಸರ್. ಬೇಡ ಅಂದ್ರೆ ಮುಂದಿನ ವಾರ ಕರೆಯಲ್ಲ."

ಸಮಸ್ಯೆಯ ಬೇರು ಈ ಎರಡು ವಾಕ್ಯಗಳಲ್ಲಿದೆ. ಮಾಡಿದ ಕೆಲಸದ ತುಂಡಿಗಿಷ್ಟು ಎಂದು ಕೂಲಿ ಪಡೆಯುವವರು ತಮ್ಮ ಶಕ್ತಿ ಮೀರಿ ದುಡಿದು ಕೆಲವೇ ವರ್ಷಗಳಲ್ಲಿ ಆರೋಗ್ಯ ಕೆಡಿಸಿಕೊಳ್ಳುತ್ತಾರೆಂದು ಆಡಂ ಸ್ಮಿತ್ 1776ರಲ್ಲಿಯೇ ಗುರುತಿಸಿದ್ದ. ಅವನ ಉದಾಹರಣೆ ಲಂಡನ್ನಿನ ಬಡಗಿಗಳು. ಬಡಗಿಯ ದಣಿವಿನ ನಷ್ಟ ಬಹುಪಾಲು ಬಡಗಿಗೇ ಸೇರುತ್ತದೆ, ಆದರೆ ರೆಫರಿಯ ದಣಿವಿನ ನಷ್ಟವನ್ನು ಆ ವ್ಯವಹಾರದಲ್ಲಿ ಪಾಲೇ ಇಲ್ಲದ ಮಗು ತೆರುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಬಾಹ್ಯ ಪರಿಣಾಮ ಎನ್ನುತ್ತಾರೆ. ಬೇರೆಯವರ ಜೀವ ಕೈಯಲ್ಲಿರುವ ವೃತ್ತಿಗಳಲ್ಲಿ ಆದ್ದರಿಂದಲೇ ಕಾನೂನು ಮಧ್ಯೆ ಬರುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಬಸ್ ಚಾಲಕನಿಗೆ ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿ, ಐದು ಗಂಟೆಗೆ ಮೊದಲು ಅರ್ಧ ಗಂಟೆ ವಿರಾಮ ಕೊಡಬೇಕೆಂದು ವಿಧಿಸಿತು. ಮಕ್ಕಳ ಫುಟ್‌ಬಾಲ್‌ಗೆ ಸಂಸತ್ತಿನ ಕಾಯಿದೆ ಬೇಕೆಂದು ನಾನು ಹೇಳುತ್ತಿಲ್ಲ. ಇರುವ ಕಾಯಿದೆಗಳನ್ನು ಜಾರಿ ಮಾಡಿಯೇ ನಮ್ಮಂಥವರು ಸುಸ್ತಾಗಿದ್ದೇವೆ. ಟೂರ್ನಿಗೆ ಅನುಮತಿ ಕೊಡುವ ಸಂಘಗಳು ಒಬ್ಬನಿಗೆ ಸತತವಾಗಿ ಎರಡು ಪಂದ್ಯಗಳಿಗಿಂತ ಹೆಚ್ಚು ಕೊಡಕೂಡದೆಂದು ಒಂದು ಸಾಲು ಬರೆದರೆ ಸಾಕು.

ಆಯೋಜಕರ ಉತ್ತರವನ್ನು ಊಹಿಸಬಹುದು: ರೆಫರಿಗಳು ಸಿಗುವುದಿಲ್ಲ. ನಿಜ. ಆದರೆ ಏಕೆ ಸಿಗುವುದಿಲ್ಲ? ದಣಿದವನ ತೀರ್ಪು ಕೆಡುತ್ತದೆ, ಕೆಟ್ಟ ತೀರ್ಪಿಗೆ ಪೋಷಕರು ಬೈಯುತ್ತಾರೆ, ಬೈಸಿಕೊಂಡ ಹುಡುಗ ಸೀಟಿ ಕೆಳಗಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತಾನೆ. ಉಳಿದವರ ಮೇಲೆ ಇನ್ನೊಂದು ಪಂದ್ಯದ ಹೊರೆ ಬೀಳುತ್ತದೆ. ಈ ಬೈಗುಳ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ನೆದರ್‌ಲೆಂಡ್ಸ್ ಸಾಕ್ಷಿ. 2012ರ ಡಿಸೆಂಬರ್‌ನಲ್ಲಿ ಆಲ್ಮೆರೆ ಊರಿನ ಬಾಲಕರ ಪಂದ್ಯದಲ್ಲಿ ಸ್ವಯಂಸೇವಕನಾಗಿ ಬಾವುಟ ಹಿಡಿದಿದ್ದ ಆಟಗಾರನೊಬ್ಬನ ತಂದೆಯನ್ನು ಎದುರಾಳಿ ತಂಡದ ಹುಡುಗರು ಒದ್ದರು. ಮರುದಿನ ಆತ ತೀರಿಕೊಂಡ. ಮುಂದಿನ ವಾರಾಂತ್ಯ ಇಡೀ ದೇಶದ ಹವ್ಯಾಸಿ ಫುಟ್‌ಬಾಲ್ ಪಂದ್ಯಗಳು ರದ್ದಾದವು. 2013ರಲ್ಲಿ ಹದಿಹರೆಯದ ಆಟಗಾರರೊಂದಿಗೆ ಅವರಲ್ಲೊಬ್ಬನ ತಂದೆಯೂ ಶಿಕ್ಷೆಗೊಳಗಾದ. ಇಂಗ್ಲೆಂಡಿನಲ್ಲಿ 2023ರಿಂದ ತಳಮಟ್ಟದ ವಯಸ್ಕರ ಪಂದ್ಯಗಳ ರೆಫರಿಗಳು ಎದೆಗೆ ಕ್ಯಾಮೆರಾ ಕಟ್ಟಿಕೊಂಡು ಇಳಿಯುವ ಪ್ರಯೋಗ ನಡೆಯಿತು. ನಮ್ಮಲ್ಲಿ ವಿಷಯ ಅಷ್ಟು ದೂರ ಹೋಗಿಲ್ಲವೆಂಬುದು ನೆಮ್ಮದಿಯೇ, ಆದರೆ ಆ ಭಾನುವಾರ ಮೈದಾನಕ್ಕೆ ನುಗ್ಗಿದ ತಂದೆ ಸುಶಿಕ್ಷಿತರೇ.

ಖರ್ಚಿನ ಮಾತಿಗೆ ಬರೋಣ. ಹದಿನಾರು ತಂಡಗಳು, ತಂಡಕ್ಕೆ ಹತ್ತು ಮಕ್ಕಳೆಂದು ಇಟ್ಟುಕೊಂಡರೆ 160 ಮಕ್ಕಳಾದರು. ಇನ್ನಿಬ್ಬರು ರೆಫರಿಗಳನ್ನು ದಿನಕ್ಕೆ ತಲಾ 1,500 ರೂಪಾಯಿಗೆ ಕರೆಸಿದರೆ ಹೆಚ್ಚುವರಿ ವೆಚ್ಚ 3,000. ಮಗುವಿಗೆ 19 ರೂಪಾಯಿಗಿಂತ ಕಡಿಮೆ. ಮಗನಿಗೆ ಸಾವಿರಾರು ರೂಪಾಯಿಯ ಬೂಟು ಕೊಡಿಸಿದ ತಂದೆಗೆ ಇದು ಭಾರವಾಗಲಾರದು. ಮೂವರು ಸರದಿಯಲ್ಲಿ ಒಬ್ಬ ಸೀಟಿ, ಒಬ್ಬ ಬಾವುಟ, ಒಬ್ಬ ವಿಶ್ರಾಂತಿ ಎಂದು ಹಂಚಿಕೊಂಡರೆ ಆಫ್‌ಸೈಡ್ ನೋಡಲು ತಿಳಿದ ಕಣ್ಣೊಂದೂ ದೊರೆಯುತ್ತದೆ. ಮುಖ್ಯವಾಗಿ, ಸಂಭಾವನೆ ಪಂದ್ಯದ ಲೆಕ್ಕದಲ್ಲಿರದೆ ದಿನದ ಲೆಕ್ಕದಲ್ಲಿರಬೇಕು. ಆಗ ಬಿಟ್ಟುಕೊಟ್ಟ ಪಂದ್ಯ ಕಳೆದುಕೊಂಡ ಹಣವಾಗುವುದಿಲ್ಲ. ಹತ್ತು ವರ್ಷದೊಳಗಿನವರ ಪಂದ್ಯಗಳಿಗೆ ಹದಿನಾರು, ಹದಿನೇಳರ ಆಟಗಾರರನ್ನೇ, ಹುಡುಗಿಯರನ್ನೂ ಸೇರಿಸಿ, ತರಬೇತಿ ಕೊಟ್ಟು ಇಳಿಸಬಹುದು. 2002ರ ವಿಶ್ವಕಪ್‌ನಲ್ಲಿ ಸಹಾಯಕ ರೆಫರಿಯಾಗಿದ್ದ ತಮಿಳುನಾಡಿನ ಕೋಮಲೀಶ್ವರನ್ ಶಂಕರ್ ಅವರಂಥವರು ಈ ರಾಜ್ಯದಿಂದಲೂ ಬರಬೇಕಾದರೆ, ಮೊದಲ ವರ್ಷದಲ್ಲೇ ಬೈಸಿಕೊಂಡು ಮನೆಗೆ ಹೋಗುವ ಹುಡುಗರನ್ನು ಉಳಿಸಿಕೊಳ್ಳಬೇಕು.

ಈ ಲೆಕ್ಕವನ್ನು ಪರಿಚಯದ ಆಯೋಜಕರೊಬ್ಬರ ಮುಂದಿಟ್ಟೆ. ಮಾಜಿ ಆಟಗಾರರು, ಸಜ್ಜನರು. ಕಾಗದವನ್ನು ಎರಡು ಬಾರಿ ಓದಿ, ದಸರಾ ರಜೆಯ ಟೂರ್ನಿಗೆ ಇಬ್ಬರನ್ನು ಇಟ್ಟು ನೋಡುತ್ತೇನೆ, ಮೂವರು ಕಷ್ಟ ಎಂದರು. ಪಂದ್ಯಗಳ ನಡುವಿನ ಐದು ನಿಮಿಷವನ್ನು ಹದಿನೈದು ಮಾಡಲು ಮಾತ್ರ ಒಪ್ಪಲಿಲ್ಲ. ಮೈದಾನದ ಬಾಡಿಗೆ ಗಂಟೆಯ ಲೆಕ್ಕದಲ್ಲಿದೆಯಂತೆ.