ಅಳ್ಳಾಡೋ ಬೆಂಚ್ ಬ್ಯಾಡ್ರಿ

ದೇವರಗುಡ್ಡದ ಕಾರಣಿಕದಾಗ ಗೊರವಯ್ಯ ಬಿಲ್ಲೇರತಾನಲ್ರಿ, ಕೆಳಗ ಬಿಲ್ಲು ಹಿಡಿದವ್ರ ಕೈ ಎಷ್ಟು ಗಟ್ಟಿ ಇರಬೇಕು! ಮನಿ ಜಿಮ್ಮಿನ ಬೆಂಚೂ ಹಂಗ ಗಟ್ಟಿ ಇರಬೇಕ್ರಿ.

ಬೆಂಚ್ ಮ್ಯಾಲ ಬೀಳೋದು ಬರೇ ರಾಡ್, ಪ್ಲೇಟ್ ಅಲ್ಲ, ನಿಮ್ಮ ಮೈತೂಕಾನೂ ಐತಿ. ನೀವು 75 ಕೆಜಿ, ಎತ್ತೋದು 80 ಅಂದ್ರ 155 ಆತು. 250 ಕೆಜಿ ತಾಳೋದನ್ನ ತಗೊಳ್ರಿ.

ರಾಣೆಬೆನ್ನೂರಾಗ ವೆಲ್ಡಿಂಗ್ ಅಂಗಡ್ಯಾಗ ಮಾಡಸ್ತೀರೇನು? ಎರಡಿಂಚಿನ ಚೌಕ ಪೈಪ್ ಹೇಳ್ರಿ. ದಪ್ಪ 2 ಎಂಎಂಗಿಂತ ಕಡಿಮಿ ಬ್ಯಾಡ, 3 ಆದ್ರ ಭಾಳ ಛಲೋ. ಬಣ್ಣ ಹಚ್ಚೋಕಿಂತ ಮೊದ್ಲ ಹೋಗಿ ಕೂಡು ನೋಡ್ರಿ. ಅಲ್ಲೊಂದು ಇಲ್ಲೊಂದು ಚುಕ್ಕಿ ಹಾಕಿ ಬಿಟ್ಟಿದ್ರ ಒಪ್ಪಬ್ಯಾಡ್ರಿ, ಸುತ್ತ ಪೂರ್ತಿ ವೆಲ್ಡ್ ಆಗಬೇಕು. ಬಣ್ಣ ಬಿದ್ದ ಮ್ಯಾಲ ಏನೂ ಕಾಣಂಗಿಲ್ಲ.

ಪವರ್‌ಲಿಫ್ಟಿಂಗ್ ಸ್ಪರ್ಧೆಯ ಅಳತಿ ಎತ್ತರ 42ರಿಂದ 45 ಸೆಂಮೀ, ಅಗಲ 29ರಿಂದ 32. ಮಲಗಿದಾಗ ಪಾದ ಪೂರ್ತಿ ನೆಲಕ್ಕ ಊರಬೇಕು. ಬೆಂಚಿನ ಗಾದಿ ಹೆಬ್ಬೆಟ್ಟಿಲೆ ಒತ್ತಿದ್ರ ಕೆಳಗಿನ ಹಲಗಿ ತಾಗಬಾರದು.

ರೆಡಿಮೇಡ್ ಆದ್ರ ಅಂಗಡ್ಯಾಗ ಮಲಗೇ ನೋಡ್ರಿ, ಮೈ ಎಡಕ್ಕ ಬಲಕ್ಕ ಹೊರಳಿಸ್ರಿ. ಬೆನ್ನು ಏರಿಸಿ ಇಳಿಸೋ ಬೆಂಚಾದ್ರ ಪಿನ್ ತೂತಿನ್ಯಾಗ ಸಡಿಲ ಐತೇನು ನೋಡ್ರಿ.

ಮನ್ಯಾಗ ಒಬ್ರ ಎತ್ತೋರು ಎರಡೂ ಬದಿಗೆ ಸೇಫ್ಟಿ ರಾಡ್ ಹಾಕಸ್ಕೊಳ್ಳಾಕ ಬೇಕ್ರಿ. ಕೈ ಸೋತ್ರ ಎದಿ ಮ್ಯಾಲ ಬೀಳೋ ಭಾರ ಅದ ತಡೀತೈತಿ.